ಗಂಜಿ ಹೆಚ್ಚಾದ ರೆಕ್ಕೆ

“ಅಕ್ಕಾರ, ಮುಟ್ಟಬ್ಯಾಡ್ರಿ!” ಎಂದು ಕಾವಲಿಗಿದ್ದ ಮಾಜಿ ಸೈನಿಕರೊಬ್ಬರು ಕೂಗುವಷ್ಟರಲ್ಲಿ ನಮ್ಮವ್ವ ವಿಮಾನದ ರೆಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿಯಾಗಿತ್ತು.

ಐವತ್ತರ ದಶಕದ ಮಾತು. ಹುಬ್ಬಳ್ಳಿಯ ಮೈದಾನದಲ್ಲಿ ಹಳೆಯ ಯುದ್ಧವಿಮಾನಗಳನ್ನು ನೋಡಲು ಇಟ್ಟಿದ್ದರು. ಗಜೇಂದ್ರಗಡದಲ್ಲಿ ಸೀರೆ ನೇಯುವ ಅವ್ವನನ್ನು ನಾನೇ ಹಟ ಮಾಡಿ ಕರೆದೊಯ್ದಿದ್ದೆ. ಈಗ ನಾಚಿಕೆಯಿಂದ ಅವಳ ಸೆರಗು ಎಳೆದೆ. ಅವಳು ಕದಲಲಿಲ್ಲ.

“ಇದು ಕಬ್ಬಿಣ ಅಲ್ರೀ ಅಣ್ಣಾರ, ಅರಿವಿ! ಗಂಜಿ ಮಾತ್ರ ಭಾಳ ಆಗೇತಿ.”

ಸೈನಿಕರು ಸಿಟ್ಟು ಮರೆತು ನಕ್ಕರು. ಅದು ಗಂಜಿಯಲ್ಲ, ಬಟ್ಟೆ ಬಿಗಿಯಾಗಲೆಂದು ಬಳಿಯುವ ಮೆರುಗೆಣ್ಣೆ ಎಂದರು. ಅಷ್ಟರಲ್ಲಿ ಅವ್ವನ ಬೆರಳು ಒಂದು ತೇಪೆಯ ಮೇಲೆ ನಿಂತಿತ್ತು. ಯುದ್ಧದಲ್ಲಿ ಗುಂಡು ಹಾದು ಬಿದ್ದ ಆ ತೂತನ್ನು ತಾವೇ ಹೊಲಿದದ್ದು ಎಂದು ಅವರು ಹೆಮ್ಮೆಯಿಂದ ಹೇಳಿದರು.

ಅವ್ವ ಹೊಲಿಗೆಯನ್ನು ಸವರಿ, “ಚಲೋ ಹೊಲದೀರಿ. ಇದನ್ನ ಹಾರಿಸಿದಾಂವ ಹೊಳ್ಳಿ ಬಂದನೇನ್ರಿ?” ಎಂದಳು.

“ಆ ಸಲ ಬಂದಿದ್ದನ್ರಿ,” ಎಂದು ಅವರು ತೇಪೆಯ ಮೇಲೊಮ್ಮೆ ಕೈಯಾಡಿಸಿದರು.

ಆಮೇಲೆ ಊರಿನ ಮೇಲೆ ವಿಮಾನ ಹಾದುಹೋದಾಗಲೆಲ್ಲ ನಾವು ಅಂಗಳಕ್ಕೆ ಓಡಿ ಕೈಬೀಸುತ್ತಿದ್ದೆವು. ಅವ್ವ ಮಾತ್ರ ಮಗ್ಗ ನಿಲ್ಲಿಸಿ, “ಹೊಲಿಗಿ ಗಟ್ಟಿ ಇರಲೆಪಾ,” ಎನ್ನುತ್ತಿದ್ದಳು. ಸದ್ದು ಪೂರ್ತಿ ಅಡಗಿದ ಮೇಲೆಯೇ ಲಾಳಿ ಮತ್ತೆ ಓಡುತ್ತಿತ್ತು.