ಆಯುಧಪೂಜೆಗೆ ಹಾಕಿ ಯುಗಾದಿಗೆ ಬಿಚ್ಚುವ ಚಕ್ರಗಳು

ಮೊನ್ನೆ ಆಯುಧಪೂಜೆಯ ಮಧ್ಯಾಹ್ನ ಕಾರನ್ನು ಒಂದಿಷ್ಟು ಮುಂದೆ ತಂದಾಗ ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣು ಪಿಚಕ್ಕೆಂದು ಒಡೆಯಿತು. ತೊಳೆದ ರಬ್ಬರಿನ ವಾಸನೆ, ನಿಂಬೆಯ ಹುಳಿ ವಾಸನೆ, ಕರ್ಪೂರದ ಹೊಗೆ ಎಲ್ಲ ಸೇರಿ ಮೂಗಿಗೆ ಬಡಿದವು. ಇಳಿಯುವುದನ್ನು ಮರೆತು ಅಲ್ಲೇ ಕುಳಿತುಬಿಟ್ಟೆ... ಪಕ್ಕದ ಮನೆ ಡಾಕ್ಟರಮ್ಮ ನೆನಪಾದರು. ಸುಳ್ಳು ಯಾಕೆ ಹೇಳಲಿ, ಅವರ ಮುಖಕ್ಕಿಂತ ಮೊದಲು ಅವರ ಮೇಲೆ ನನಗಿದ್ದ ಹೊಟ್ಟೆಕಿಚ್ಚೇ ನೆನಪಾಯಿತು.

ತೊಂಬತ್ತರ ದಶಕದ ಮಾತು. ಲಂಡನ್ನಿನ ಇಲ್ಫರ್ಡಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ನಾವು ಮೈಸೂರಿನವರು, ಅವರು ಧಾರವಾಡದವರು. ನಮ್ಮವರೂ ಅವರೂ ಒಂದೇ ಆಸ್ಪತ್ರೆಯಲ್ಲಿ ಡಾಕ್ಟರುಗಳು, ನಾನು ಮನೆಯಲ್ಲಿದ್ದವಳು. ಆಕೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಕನ್ನಡದ ಹೆಂಗಸರ ಗುಂಪಿನಲ್ಲಿ ಯಾರಿಗೂ ಇರಲಿಲ್ಲ, ಅವರ ಬೆನ್ನ ಹಿಂದೆ ಮಾತ್ರ ಎಲ್ಲರಿಗೂ ಇತ್ತು.

ಈ ದೇಶಕ್ಕೆ ಬಂದ ಹೊಸತರಲ್ಲಿ ಅವರಿಗೆ ಕೆಲಸ ಸಿಕ್ಕಿದ್ದು ಸ್ಕಾಟ್ಲೆಂಡಿನ ಯಾವುದೋ ಗುಡ್ಡದ ಊರಿನಲ್ಲಂತೆ. ಹಿಮದಲ್ಲಿ ರೋಗಿಗಳ ಮನೆಗೆ ಹೋಗಿ ಬರಬೇಕಾದ್ದರಿಂದ ಚಳಿಗಾಲಕ್ಕೆಂದೇ ಬೇರೆ ಟೈರು ಹಾಕುವುದನ್ನು ಅಲ್ಲಿ ಕಲಿತಿದ್ದರು. ಎಂಥ ಚಳಿಗೂ ಗಟ್ಟಿಯಾಗದ ಮೆತ್ತನೆಯ ರಬ್ಬರು, ಆಳವಾದ ಗೀರುಗಳು. ಲಂಡನ್ನಿನಲ್ಲಿ ಅದನ್ನೆಲ್ಲ ಯಾರೂ ಹಾಕುತ್ತಿರಲಿಲ್ಲ, ಇಲ್ಲಿ ಹಿಮ ನಿಲ್ಲುವುದೇ ಅಪರೂಪ. ಆದರೆ ಡಾಕ್ಟರಮ್ಮ ಅಭ್ಯಾಸ ಬಿಡಲಿಲ್ಲ.

"ಆಯುಧಪೂಜಿಗೆ ಹಾಕೋದು, ಯುಗಾದಿಗೆ ಬಿಚ್ಚೋದು. ನಮ್ಮ ಪಂಚಾಂಗ ಇಲ್ಲೀ ಥಂಡಿಗೂ ಬರೋಬ್ಬರಿ ಕೂಡತದ ನೋಡ್ರಿ ಅಕ್ಕಾರ" ಎನ್ನುತ್ತಿದ್ದರು.

ನವರಾತ್ರಿಗೆ ನಾನು ಗೊಂಬೆ ಕೂರಿಸುತ್ತಿದ್ದೆ. ಮೈಸೂರಿನಿಂದ ಹಳೆಯ ಸೀರೆಗಳಲ್ಲಿ ಸುತ್ತಿ ತಂದಿದ್ದ ಪಟ್ಟದ ಗೊಂಬೆಗಳು. ಆಯುಧಪೂಜೆಯ ದಿನ ಕನ್ನಡದವರೆಲ್ಲ ನೋಡಲು ಬರುತ್ತಿದ್ದರು, ಅದೊಂದೇ ದಿನ ನನಗೂ ಒಂದು ಬೆಲೆ ಇರುತ್ತಿತ್ತು. ಡಾಕ್ಟರಮ್ಮ ಸರಿಯಾಗಿ ಆ ಹೊತ್ತಿಗೇ ಶುರುಮಾಡುತ್ತಿದ್ದರು. ಚಳಿಗಾಲದ ಚಕ್ರಗಳು ಹಿತ್ತಲಿನ ಶೆಡ್ಡಿನಲ್ಲಿರುತ್ತಿದ್ದವು. ನಮ್ಮ ಸಾಲುಮನೆಗಳಿಗೆ ಪಕ್ಕದಿಂದ ದಾರಿ ಇಲ್ಲ. ಹಾಗಾಗಿ ಅಡುಗೆಮನೆಯಿಂದ ಮುಂಬಾಗಿಲಿನವರೆಗೆ ಹಳೆಯ ಪತ್ರಿಕೆ ಹಾಸಿ, ಒಂದೊಂದೇ ಚಕ್ರವನ್ನು ಮನೆಯೊಳಗಿಂದಲೇ ಉರುಳಿಸಿಕೊಂಡು ಬರುತ್ತಿದ್ದರು. ಯಾವ ಚಕ್ರ ಯಾವ ಕಡೆಯದು ಎಂದು ಒಳಮೈಗೆ ಸೀಮೆಸುಣ್ಣದಲ್ಲಿ ಕನ್ನಡದಲ್ಲೇ ಬರೆದಿರುತ್ತಿತ್ತು, ಎಡ ಮುಂದೆ, ಬಲ ಹಿಂದೆ ಎಂದು. ಸೀರೆ ಎತ್ತಿ ಸಿಕ್ಕಿಸಿ, ಮೇಲೊಂದು ಹಳೆಯ ಕೋಟು ತೊಟ್ಟು ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಒತ್ತಿದರೆ ನಟ್ಟು ಕಿರ್ರೆಂದು ಬಿಟ್ಟುಕೊಳ್ಳುತ್ತಿತ್ತು.

ನನ್ನ ಗೊಂಬೆಗಳ ಮುಂದೆ ಕೂತವರು ಒಬ್ಬೊಬ್ಬರಾಗಿ ಕಿಟಕಿಗೆ ಹೋಗುತ್ತಿದ್ದರು. ಕೊನೆಗೆ ಕಡಲೆ ಉಸಲಿಯ ತಟ್ಟೆ ಹಿಡಿದುಕೊಂಡೇ ಹೊರಗೆ. ರಾಜ ರಾಣಿ ಗೊಂಬೆಗಳೂ ನಾನೂ ಮುಖ ಮುಖ ನೋಡಿಕೊಂಡು ಉಳಿಯುತ್ತಿದ್ದೆವು.

ಅದನ್ನಾದರೂ ಸಹಿಸಿಕೊಂಡೇನು. ಒಂದು ಫೆಬ್ರವರಿಯ ಬೆಳಿಗ್ಗೆ ಹಿಮ ಬಿದ್ದು ನಮ್ಮ ಕಾರು ರಸ್ತೆಗಿಳಿಯುತ್ತಲೇ ಅಡ್ಡಡ್ಡ ಜಾರಿ ನಿಂತಿತು. ಬಸ್ಸುಗಳಿರಲಿಲ್ಲ. ಡಾಕ್ಟರಮ್ಮ ಕಾರಿನ ಬಾಗಿಲು ತೆಗೆದು "ಬರ್ರಿ ಡಾಕ್ಟ್ರ, ಕೂಡ್ರಿ" ಅಂದರು. ಇವರು ಹೋಗಿ ಕೂತರು. ಕಾರು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಸಂಜೆ ಬಂದವರದು ಊಟದ ಉದ್ದಕ್ಕೂ ಅದೇ ಮಾತು. "ಏನ್ ಹಿಡಿತ ಕಣೇ ಆ ಟೈರಿಗೆ. ಎಷ್ಟು ಮುಂದಾಲೋಚನೆ ಆಕೆಗೆ." ಸಾರಿಗೆ ಉಪ್ಪು ಹಾಕುವುದನ್ನೇ ನಾನು ಮರೆತಿದ್ದೆ. ಅದೂ ಅವರಿಗೆ ಗೊತ್ತಾಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮದುವೆಯಾಗಿ ಅಷ್ಟು ವರ್ಷವಾದರೂ ನನ್ನ ಯಾವ ಕೆಲಸವನ್ನೂ ಅವರು ಎರಡು ಸಲ ಹೊಗಳಿದ್ದು ನನಗೆ ನೆನಪಿರಲಿಲ್ಲ. ಆ ದನಿಯಲ್ಲಿ ಒಮ್ಮೆ, ಒಂದೇ ಒಂದು ಸಲ ನನ್ನ ಬಗ್ಗೆಯೂ ಮಾತಾಡಬೇಕು ಎಂದು ತುಂಬ ಆಸೆಯಾಯಿತು.

ಹಠಮಾಡಿ ನಮ್ಮ ಕಾರಿಗೂ ಅಂಥ ಟೈರು ಕೂರಿಸಿದ ಚಕ್ರಗಳನ್ನು ತರಿಸಿದೆ. ಮುಂದಿನ ಆಯುಧಪೂಜೆಯ ಬೆಳಿಗ್ಗೆ, ಇವರು ಟ್ಯೂಬ್ ರೈಲಿನಲ್ಲಿ ಆಸ್ಪತ್ರೆಗೆ ಹೋದ ಮೇಲೆ, ನಾನೇ ಕಾರಿಗೆ ಜಾಕ್ ಕೊಟ್ಟೆ. ಮಹಡಿಯ ಕಿಟಕಿಯ ಪರದೆ ಸಂದಿಯಿಂದ ವರ್ಷಗಟ್ಟಲೆ ನೋಡಿದ ವಿದ್ಯೆ, ಒಂದೂ ತಪ್ಪಲಿಲ್ಲ. ಜೊತೆಗೆ, ಅವರು ಪೂಜೆಗೆ ಚಕ್ರದ ಹೊರಮೈಗಷ್ಟೇ ಕುಂಕುಮ ಇಟ್ಟರೆ ನಾನು ಒಂದು ಕೈ ಹೆಚ್ಚೇ ಮಾಡಬೇಡವೇ? ಹಳೆಯ ಚಕ್ರ ಬಿಚ್ಚಿದ ಜಾಗಕ್ಕೆ ತೇಯ್ದ ಗಂಧವನ್ನು ದಪ್ಪಗೆ ಬಳಿದು, ಅದರ ಮೇಲೆ ಅರಿಶಿನ ಕುಂಕುಮ ಇಟ್ಟು, ಕೈಮುಗಿದು, ಆಮೇಲೆ ಹೊಸ ಚಕ್ರ ಕೂರಿಸಿದೆ. 

ಡಾಕ್ಟರಮ್ಮ ಮುಂದಿನ ಅಂಗಳಗಳ ನಡುವಿನ ಮೋಟು ಗೋಡೆಯ ಆಚೆಯಿಂದ ನೋಡುತ್ತಿದ್ದರು. "ಅಕ್ಕಾರ, ಪೂಜಿ ಹೊರಗಷ್ಟ ಮಾಡ್ರಿ. ಒಳಗ ಬ್ಯಾಡ. ಚಕ್ರ ಕೂಡೋ ಜಾಗ ಸ್ವಚ್ಛ ಇರಬೇಕು."

"ದೇವರ ವಿಷಯ ನಮಗೂ ಗೊತ್ತು ಡಾಕ್ಟ್ರೇ" ಎಂದೆ. ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಬೆನ್ನು ತಿರುಗಿಸಿದೆ.

ಸಂಜೆ ಇವರು ಕಾರಿಗೆ ಒಂದು ಸುತ್ತು ಬಂದರು. "ನೀನೇ ಹಾಕಿದ್ಯಾ? ಒಬ್ಬಳೇ?" ಒಳಗೆ ಬಂದು ಕೋಟು ಬಿಚ್ಚುತ್ತಾ ಮತ್ತೆ, "ಪರವಾಗಿಲ್ಲ ಕಣೇ ನೀನು" ಅಂದರು. ಎರಡು ಸಲವಾಯಿತು. ಆ ರಾತ್ರಿ ಹಾಲು ಉಕ್ಕಿ ಒಲೆಯೆಲ್ಲ ಹರಡಿದರೂ ನನಗೆ ಬೇಸರವಾಗಲಿಲ್ಲ.

ಮಾರನೆಯ ದಿನ ವಿಜಯದಶಮಿ. ಸೌತ್‌ಹಾಲಿನ ಇಂಡಿಯನ್ ಅಂಗಡಿಗಳಿಂದ ಹೂವು, ಬಾಳೆಎಲೆ ತರಲು ಹೊರಟೆವು. ದೊಡ್ಡ ರಸ್ತೆ ಸೇರುವ ಮೊದಲೇ ಎಡಮುಂದಿನ ಚಕ್ರ ಟಕಟಕ ಎನ್ನತೊಡಗಿತು, ಸ್ಟಿಯರಿಂಗ್ ನಡುಗಿತು. ಇವರು ಮೆಲ್ಲಗೆ ಬದಿಗೆ ತಂದು ನಿಲ್ಲಿಸಿದರು. ನಟ್ಟುಗಳು ಬೆರಳಿಗೇ ತಿರುಗುತ್ತಿದ್ದವು. ಫೋನ್ ಬೂತಿಗೆ ಹೋಗಿ ಇವರು ಫೋನು ಮಾಡಿದ್ದು ಯಾರಿಗೆ ಎಂದು ಹೇಳಬೇಕಾಗಿಲ್ಲವಲ್ಲ.

ಬಂದರು. ಚಕ್ರ ಬಿಚ್ಚಿದರು. ಒಣಗಿದ ಗಂಧ ಹಕ್ಕಳೆ ಹಕ್ಕಳೆಯಾಗಿ ಅವರ ಅಂಗೈಗೆ ಉದುರಿತು. ಅದು ಪುಡಿಯಾದಂತೆಲ್ಲ ಬಿಗಿ ಸಡಿಲವಾಗಿತ್ತು. ಈಗ ಹೇಳುತ್ತಾರೆ, ನಾನು ನಿನ್ನೆಯೇ ಹೇಳಿದ್ದೆ ಅನ್ನುತ್ತಾರೆ ಎಂದು ಕಾದೆ. ಇವರು ಬಗ್ಗಿ "ಏನಾಗಿದೆ?" ಎಂದು ಕೇಳಿದರು. ಡಾಕ್ಟರಮ್ಮ ಕೈ ಮುಷ್ಟಿ ಮಾಡಿ ಗಂಧವನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

"ಏನಿಲ್ಲ ಡಾಕ್ಟ್ರ. ಹೊಸದಾಗಿ ಹಾಕಿದ ಚಕ್ರ, ಸ್ವಲ್ಪ ಓಡಿದ ಮ್ಯಾಲ ಮತ್ತೊಮ್ಮಿ ನಟ್ ಬಿಗೀಬೇಕಾಗ್ತದ. ಅಕ್ಕಾರು ಭಾಳ ಚೊಲೋ ಹಾಕ್ಯಾರ."

ನನ್ನನ್ನು ನೋಡಲೂ ಇಲ್ಲ. ಉಳಿದ ಚಕ್ರಗಳನ್ನೂ ಬಿಚ್ಚಿ, ಒರೆಸಿ, ಬಿಗಿದು ಹೊರಟುಹೋದರು. ಇವರ ಹೊಗಳಿಕೆ ನನ್ನ ಹತ್ತಿರವೇ ಉಳಿಯಿತು, ಆದರೆ ಅದನ್ನು ಉಳಿಸಿಕೊಟ್ಟವರು ಅವರು. ಒಂದು ಮಾತು ಚುಚ್ಚಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಒಳ್ಳೆಯತನದಲ್ಲೂ ಅವರೇ ಮುಂದೆ ಹೋಗಬೇಕೇ? ಅವತ್ತು ಆದಷ್ಟು ಹೊಟ್ಟೆಯುರಿ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಆಮೇಲಿನ ವರ್ಷಗಳಲ್ಲಿ ಗೋಡೆಯ ಈಚೆ ನಾನು, ಆಚೆ ಅವರು, ಒಂದೇ ಹೊತ್ತಿಗೆ ಚಕ್ರ ಬದಲಿಸಿದೆವು. ಹೆಚ್ಚು ಮಾತಿರಲಿಲ್ಲ. ಯಾರದು ಮೊದಲು ಮುಗಿಯುತ್ತದೆ ಎಂದು ನಾನು ಓರೆಗಣ್ಣಲ್ಲಿ ನೋಡುತ್ತಿದ್ದೆ, ಅವರೂ ನೋಡುತ್ತಿದ್ದರು ಎಂದು ನನ್ನ ಗುಮಾನಿ. ಆಮೇಲೆ ಅವರು ನಿವೃತ್ತರಾಗಿ ಸ್ಕಾಟ್ಲೆಂಡಿನ ಆ ಗುಡ್ಡದೂರಿಗೇ ವಾಪಸು ಹೋದರು. ಹೋದ ವರ್ಷ ಅವರು ತೀರಿಕೊಂಡರೆಂದು ಅಲ್ಲಿಂದ ಸುದ್ದಿ ಬಂತು... ಕಾಯಿಲೆಯನ್ನು ಯಾರಿಗೂ ಹೇಳಿರಲಿಲ್ಲವಂತೆ. ಅದನ್ನೂ ಜೇಬಿಗೆ ಹಾಕಿಕೊಂಡರು.

ಮೊನ್ನೆ ಕಾರಿನಿಂದಿಳಿದು, ಒಡೆದ ನಿಂಬೆಹಣ್ಣನ್ನು ಗುಡಿಸಿ ತೆಗೆದೆ. ಚಕ್ರ ಕೂಡುವ ಜಾಗವನ್ನು ಬೆಳಿಗ್ಗೆ ಬಟ್ಟೆಯಿಂದ ಚೆನ್ನಾಗಿ ಒರೆಸಿದ್ದೆ, ಕುಂಕುಮ ಹೊರಗಷ್ಟೇ ಇಟ್ಟಿದ್ದೆ. ಇವರು ಬಾಗಿಲಲ್ಲಿ ನಿಂತು "ಚೆನ್ನಾಗಿ ಹಾಕಿದ್ದೀಯ ಕಣೇ" ಅಂದರು. ಈಗೀಗ ಪ್ರತಿ ವರ್ಷ ಅನ್ನುತ್ತಾರೆ. ನಾನು ಹೂಂಗುಟ್ಟಿ ಮೋಟು ಗೋಡೆಯ ಆಚೆ ನೋಡಿದೆ. ಆ ಮನೆಯ ಹೊಸಬರ ಸೈಕಲ್ಲುಗಳು ಗೋಡೆಗೆ ಒರಗಿದ್ದವು. ಚೊಲೋ ಹಾಕೀರಿ ಅನ್ನಲು ಹಕ್ಕಿದ್ದವರು ಡಾಕ್ಟರಮ್ಮ ಒಬ್ಬರೇ.