ಬೀಗರು ಎಲೆ ಬಿಟ್ಟು ಎದ್ದರು

ಚಿಕ್ಕಹನುಮಯ್ಯನ ಮೇಲೆ ನನಗೆ ಈಗಲೂ ಸಿಟ್ಟಿದೆ. ಯಜಮಾನ ಸಂಪತ್ ಮೇಲಿರುವ ಸಿಟ್ಟು ಅದರ ಹತ್ತರಷ್ಟು.

ನಾನೂ ಹನುಮಯ್ಯನೂ ವಿಜಯನಗರದ ಒಂದು ಕೇಟರಿಂಗ್‌ನವರ ಬಳಿ ಕೆಲಸಕ್ಕಿದ್ದೆವು. ನಾನು ಉಗ್ರಾಣ ನೋಡಿಕೊಳ್ಳುತ್ತಿದ್ದೆ, ಅವನು ಬಡಿಸುವವರ ಮೇಸ್ತ್ರಿ. ಉಲ್ಲಾಳದಿಂದ ಮೊದಲ ಬಸ್ಸಿಗೇ ಬಂದುಬಿಡುತ್ತಿದ್ದ. ಸಾಲಿನ ತುದಿಯಲ್ಲಿ ಹಲ್ಲಿಲ್ಲದ ಮುದುಕಿ ಕೂತಿದ್ದರೆ, ಆಕೆ ಕೇಳುವ ಮೊದಲೇ ಮೆತ್ತಗಿನ ಅನ್ನ ಹುಡುಕಿ ತಂದು ಹಾಕುತ್ತಿದ್ದ. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಕೆಲಸ ತನ್ನದೆಂದುಕೊಂಡಿದ್ದ, ಅಷ್ಟೇ.

ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಸಂಪತ್‌ನ ತಂದೆ ಯಜಮಾನರಾಗಿದ್ದಾಗ ಕೊನೆಯ ಪಂಕ್ತಿ ನಮ್ಮದು. ಬಡಿಸಿದವರು, ಪಾತ್ರೆ ತೊಳೆದವರು ಎಲ್ಲರೂ ಎಲೆಯ ಮುಂದೆ ಕೂರಬೇಕು, ಯಜಮಾನರೇ ಪಂಚೆ ಎತ್ತಿ ಕಟ್ಟಿ ಬಡಿಸುತ್ತಿದ್ದರು. ಆವತ್ತಿನ ತಪ್ಪು-ಒಪ್ಪು ಅಲ್ಲೇ ಮಾತಿಗೆ ಬರುತ್ತಿತ್ತು. ಬೈಗುಳ ತಿಂದವನಿಗೂ ಎರಡನೇ ಸಲ ಪಾಯಸ ಬೀಳುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಸಂಪತ್ ಅದನ್ನು ನಿಲ್ಲಿಸಿದ. "ಟೈಮ್ ವೇಸ್ಟ್, ಪ್ಯಾಕೆಟ್ ಕೊಟ್ಟು ಕಳಿಸಿ" ಎಂದ. ಹಳೆಯ ಹುಡುಗರನ್ನು ಬಿಡಿಸಿ ಏಜೆನ್ಸಿಯಿಂದ ದಿನಗೂಲಿಯವರನ್ನು ಕರೆಸತೊಡಗಿದ. ಮದುವೆ ಮದುವೆಗೂ ಹೊಸ ಮುಖಗಳು. ಮೇಲೆ ಎಲ್ಲರಿಗೂ ನಗುಮುಖದ ಚಿತ್ರವಿರುವ ಟಿ-ಶರ್ಟ್ ಬೇರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!

ಹನುಮಯ್ಯ ಎರಡು ಸಲ ಹೋಗಿ ಹೇಳಿದ. "ಸಾರ್, ಹುಡುಗ್ರನ್ನ ಕೂರ್ಸಿ ಊಟ ಹಾಕಿ, ಹೆಸರು ಹಿಡ್ದು ಕರೀರಿ. ಇಲ್ದಿದ್ರೆ ಯಾರೂ ಮನಸ್ಸಿಟ್ಟು ಬಡ್ಸಲ್ಲ."

"ಹನುಮಣ್ಣ, ನಿಮ್ ಕೆಲಸ ನೀವು ನೋಡ್ಕೊಳಿ" ಎಂದ ಸಂಪತ್, ಮೊಬೈಲಿನಿಂದ ಕಣ್ಣೆತ್ತದೆ. ಅದಾದ ಮೇಲೆ ಹನುಮಯ್ಯ ಬಾಯಿ ಬಿಡಲಿಲ್ಲ.

ಚಂದ್ರಾ ಲೇಔಟ್‌ನ ಒಂದು ಕಲ್ಯಾಣ ಮಂಟಪದ ಮದುವೆಗಳೇ ನಮಗೆ ಅನ್ನ. ಬಡಿಸುವುದು ಸರಿಯಿಲ್ಲವೆಂದು ದೂರು ಹೋಗಿತ್ತು. ಇನ್ನೊಂದು ಬಂದರೆ ಬೇರೆಯವರನ್ನು ಕರೆಸುತ್ತೇವೆ ಎಂದು ಮಂಟಪದವರು ಎಚ್ಚರಿಸಿದ್ದರು. ಅಷ್ಟರಲ್ಲೇ ನಂಜುಂಡಪ್ಪನವರ ಮಗಳ ಮದುವೆ ಬಂತು.

ಬೀಗರ ಪಂಕ್ತಿಗೆ ಎಲೆ ಹಾಕಿಯಾಗಿದೆ, ಅರ್ಧ ಹುಡುಗರು ಪಾರ್ಕಿಂಗ್‌ನಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದಾರೆ! ನಾನು ಹೋಗಿ ಕೂಗಿದೆ. "ಬಂದ್ವಿ ಅಣ್ಣ" ಎಂದರು, ಬರಲಿಲ್ಲ. ಓಡಿ ಬಂದು ಹನುಮಯ್ಯನಿಗೆ, "ನೀನು ಹೋಗಿ ಎಳ್ಕೊಂಡ್ ಬಾರಯ್ಯ" ಎಂದೆ. ಮೊದಲಾಗಿದ್ದರೆ ಕಿವಿ ಹಿಡಿದು ತರುತ್ತಿದ್ದ.

"ನನ್ ಸಾಲು ನಾನು ನೋಡ್ಕೊಳ್ತೀನಿ" ಎಂದು ಪಲ್ಯದ ಬಕೆಟ್ ಎತ್ತಿಕೊಂಡು ಹೋದ. ನನ್ನ ಮೈ ಉರಿದುಹೋಯಿತು.

ಆ ಕಡೆಯ ಸಾಲಿನಲ್ಲಿ ವರನ ಸೋದರಮಾವ ಸಾರು ಕೇಳಿದರು. ಸಾರಿನ ಬಕೆಟ್ ಹಿಡಿದೇ ಕಂಬಕ್ಕೆ ಒರಗಿದ್ದ ರೇವಂತ್ ಎಂಬ ಹುಡುಗ "ಬರುತ್ತೆ ಸಾರ್" ಎಂದ. ಮತ್ತೆ ಕೇಳಿದರು. ಮತ್ತೂ "ಬರುತ್ತೆ." ಆ ಹಿರಿಯರು ಒಂದು ಗುಟುಕು ನೀರು ಕುಡಿದು, ಬರಿ ಅನ್ನದ ಎಲೆ ಬಿಟ್ಟು ಎದ್ದರು. ಅವರು ಎದ್ದಿದ್ದೇ ತಡ, ಬೀಗರೆಲ್ಲ ಎದ್ದರು. ನಂಜುಂಡಪ್ಪನವರು ಒಬ್ಬೊಬ್ಬರ ಮುಂದೆಯೂ ಕೈಮುಗಿಯುತ್ತಾ ಹೋದರು. ಹೆಣ್ಣು ಹೆತ್ತವರ ಆ ಮುಖ ನೋಡಲಾಗಲಿಲ್ಲ.

ಸಂಜೆ ಮಂಟಪದ ಮ್ಯಾನೇಜರ್ ಬಂದು, ಇನ್ನು ನೀವು ಇಲ್ಲಿ ಪಾತ್ರೆ ಇಳಿಸುವುದು ಬೇಡ ಎಂದುಬಿಟ್ಟರು.

ಸಂಪತ್ ಹುಡುಗರ ಮೇಲೆ ಹಾರಾಡಿದ. ರೇವಂತ್ ತಣ್ಣಗೆ, "ನಮಗೇನ್ ಸಾರ್, ನಾಳೆ ಇನ್ನೊಂದ್ ಕಡೆ ಕಳಿಸ್ತಾರೆ" ಎಂದು ಚಪ್ಪಲಿ ಹಾಕಿಕೊಂಡ.

ಆಗ ಸಂಪತ್ ಹನುಮಯ್ಯನ ಕಡೆ ತಿರುಗಿದ. ದನಿ ಇಳಿದುಹೋಗಿತ್ತು. "ಅಪ್ಪನ ಕಾಲದೋರು ನೀವು. ಹುಡುಗ್ರು ಹೊರಗಡೆ ಕೂತಿದ್ದನ್ನ ನೀವೂ ನೋಡ್ಲಿಲ್ವಾ ಹನುಮಣ್ಣ?"

"ನೋಡ್ದೆ ಸಾರ್."

"ನಂಗೊಂದ್ ಮಾತು ಹೇಳ್ಬಾರ್ದಿತ್ತಾ?"

ಹನುಮಯ್ಯ ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸಿಕೊಂಡ.

"ಹೇಳ್ಬೋದಿತ್ತು. ಹೇಳ್ಬೇಕು ಅನ್ನಿಸ್ಲಿಲ್ಲ."