ಅಮಾವಾಸ್ಯೆಗೊಮ್ಮೆ ಆರುವ ಕಂಪ್ಯೂಟರ್

ರಬಕವಿಯ ನಮ್ಮ ಕಾಕಾನ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುತ್ತಾರೆ. ಸೀರೆಯ ಅಂಚಿನ ಚಿತ್ರವನ್ನು ಮಗ್ಗಕ್ಕೆ ಕಳಿಸುವ ಲಿನಕ್ಸ್ ಕಂಪ್ಯೂಟರಿಗೂ ಅಂದೇ ಕುಂಕುಮ, ಅಂದೇ ವಿಶ್ರಾಂತಿ. ತಿಂಗಳ ಉಳಿದ ದಿನ ಅದು ಆರುವುದೇ ಇಲ್ಲ. ಆರಿಸುವುದು ಕಾಕಾನ ಕೆಲಸ. ಆ ಸಲ ಅವನು ಜಮಖಂಡಿ ಕೋರ್ಟಿಗೆ ಹೋಗಿದ್ದರಿಂದ ಅವನ ಹೆಂಡತಿ, ನಮ್ಮ ಕಾಕು, ಆರಿಸಿದಳು. ಮರುದಿನ ಹಚ್ಚಿದರೆ ಕಂಪ್ಯೂಟರಿಗೆ ಮಗ್ಗದ ಗುರುತೇ ಸಿಗಲಿಲ್ಲ.

ನಾನು ಹೋದಾಗ ಕಾಕು ಕುರ್ಚಿಯಿಂದ ದೂರ ನಿಂತಿದ್ದಳು. ಐವತ್ತು ದಾಟಿದ ಮೇಲೆ ಹಟ ಹಿಡಿದು ಅದರಲ್ಲಿ ಅಂಚು ಬರೆಯಲು ಕಲಿತವಳು.

"ನಾನ ಕೆಡಿಸೇನಿ. ಇನ್ನ ಅದನ್ನ ಮುಟ್ಟೂದಿಲ್ಲಪಾ," ಎಂದಳು.

"ಕಂಪ್ಯೂಟರ್ ನಿನಗ ಬ್ಯಾಡ ಅಂತ ಮೊದಲ ಹೇಳಿದ್ದೆ," ಎಂದ ಕಾಕಾ. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಕುತೂಹಲ ಅದಕ್ಕಿಂತ ದೊಡ್ಡದಿತ್ತು. ಬರೀ ಆರಿಸಿ ಹಚ್ಚಿದರೆ ಏನು ಕೆಡುತ್ತದೆ?

ಆಜ್ಞೆ ಬರೆಯುವ ಕಪ್ಪು ಪರದೆ ತೆರೆದು uname -r ಎಂದು ಬರೆದೆ. ಈಗ ಓಡುತ್ತಿರುವ ಕರ್ನಲ್ ಯಾವುದೆಂದು ಅದು ಹೇಳುತ್ತದೆ. ಕರ್ನಲ್ಲೇ ಕಂಪ್ಯೂಟರಿನ ಯಜಮಾನ, ಜೋಡಿಸಿದ ಯಂತ್ರಗಳನ್ನೆಲ್ಲ ನಡೆಸುವುದು ಅದೇ. ಬಂದ ಸಂಖ್ಯೆ ನನಗೆ ಹೊಸದು. ಕರ್ನಲ್ಲುಗಳಿರುವ ಬೂಟ್ ಫೋಲ್ಡರ್ ನೋಡಿದೆ. ಅಲ್ಲಿ ಎರಡು ಕರ್ನಲ್‌ಗಳಿದ್ದವು, ಹಳೆಯದೊಂದು, ಹೊಸದೊಂದು. ಕಂಪ್ಯೂಟರಿಗೆ ಮಗ್ಗದ ಗುರುತು ಹೇಳುವ ಡ್ರೈವರ್ ತಂತ್ರಾಂಶ ಹಳೆಯದಕ್ಕೆ ಮಾತ್ರ ಹೊಂದುವಂಥದ್ದು. ಹಾಗಾದರೆ ಹೊಸದನ್ನು ಯಾರು ಹಾಕಿದರು?

ಅದನ್ನು ಹಾಕಿದ ದಿನಾಂಕ ನೋಡಿದೆ. ಎರಡು ವಾರದ ಹಿಂದೆ ಇದೇ ಕುರ್ಚಿಯಲ್ಲಿ ಕೂತು, ಚುರುಮುರಿ ತಿನ್ನುತ್ತಾ, ಯಾರೂ ಕೇಳದಿದ್ದರೂ ಅಪ್‌ಡೇಟ್ ಮಾಡಿದ ಶಾಣ್ಯಾ ನಾನೇ. ಆರಿಸಿ ಹಚ್ಚುವ ತನಕ ಹೊಸ ಕರ್ನಲ್ ಕೆಲಸಕ್ಕೆ ಇಳಿಯುವುದಿಲ್ಲ. ಅಮಾವಾಸ್ಯೆಯವರೆಗೆ ಅದು ತೆಪ್ಪಗೆ ಕಾದಿತ್ತು.

ಸುಮ್ಮನೆ ಸರಿಮಾಡಿ ಎದ್ದುಹೋಗಬಹುದಿತ್ತು. ಒಂದು ಗಳಿಗೆ ಹಾಗೇ ಅನ್ನಿಸಿತು ಕೂಡ, ಈಗ ಹೇಳಲು ನಾಚಿಕೆಯಾಗುತ್ತದೆ.

"ಕಾಕು, ನೀ ಏನೂ ಕೆಡಿಸಿಲ್ಲ. ಕೆಡಿಸಿದಾಂವ ನಾನು," ಎಂದೆ, ಕಾಕಾನಿಗೂ ಕೇಳುವಂತೆ. ಎರಡು ಕರ್ನಲ್‌ಗಳ ಕತೆ ಬಿಡಿಸಿ ಹೇಳಿದೆ. ಕಾಕಾ ಗೋಡೆ ನೋಡಿದ. ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚುವಾಗ ಹಳೆಯ ಕರ್ನಲ್ಲನ್ನೇ ಆಯ್ದುಕೊಂಡಾಗ ಮಗ್ಗದ ಹೆಸರು ಪರದೆಗೆ ಬಂತು.

ಕಾಕು ನನ್ನ ಭುಜ ತಟ್ಟಿದಳು. "ಏಳಲೇ. ನೀ ಬರದದ್ದು ಏನದು? ನಾ ಬರೀತೇನಿ."

ಕುರ್ಚಿ ಎಳೆದು ಕೂತಳು. ಒಂದೇ ಬೆರಳಿನಿಂದ, ನಾನು ಹೇಳಿದಂತೆ uname -r ಎಂದು ಒಂದೊಂದೇ ಅಕ್ಷರ ಒತ್ತಿ, ಬಂದ ಹಳೆಯ ಕರ್ನಲ್ಲಿನ ಸಂಖ್ಯೆಯನ್ನು ಕಾಕಾನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದಳು.